ಸಣ್ಣ ಊರಿನ ಕಾಲೇಜಿನಲ್ಲಿ ಬಯಾಲಜಿ ಓದಿದರೆ ವಿಜ್ಞಾನಿ ಆಗಬಹುದಾ?

ಪ್ರಶ್ನೆ: ಮೇಡಂ, ನಾನು ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಬಿ.ಎಸ್ಸಿ. ಮೊದಲ ವರ್ಷ ಓದುತ್ತಿದ್ದೇನೆ. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ತೆಗೆದುಕೊಂಡಿದ್ದೇನೆ. ಪಿಯುಸಿಯಲ್ಲಿ ಪಿಸಿಎಂಬಿ ಇತ್ತು. ನೀಟ್‌ನಲ್ಲಿ ಸೀಟು ಬರಲಿಲ್ಲ, ಅದಕ್ಕೇ ಇಲ್ಲಿ ಸೇರಿದೆ. ತರಗತಿಯಲ್ಲಿ ಇರುವುದು 14 ಜನ. ಪ್ರಾಣಿಶಾಸ್ತ್ರಕ್ಕೆ ಅತಿಥಿ ಉಪನ್ಯಾಸಕರು, ಅವರು ಬಂದದ್ದೂ ತಡವಾಗಿ. ಡಿಎನ್‌ಎಯ ಪ್ರತಿಗಳನ್ನು ತಯಾರಿಸುವ ಪಿಸಿಆರ್ ಯಂತ್ರವನ್ನು ನಾವು ನೋಡಿರುವುದು ಚಿತ್ರದಲ್ಲಿ ಮಾತ್ರ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಗೆಳತಿಯರೆಲ್ಲ ಬೆಂಗಳೂರಿನ ದೊಡ್ಡ ಕಾಲೇಜುಗಳಿಗೆ ಹೋಗಿದ್ದಾರೆ. ನನಗೆ ಸಂಶೋಧನೆ ಮಾಡುವ ಆಸೆ. ಇಲ್ಲಿ ಓದಿದರೆ ಆಗುತ್ತದಾ? ಅಪ್ಪ ದಿನಾ ಕೇಳುತ್ತಾರೆ, ಅವರಿಗೆ ಏನಂತ ಹೇಳಲಿ?

ಉತ್ತರ: ಆಗುತ್ತದೆ. ತಾಲ್ಲೂಕು ಕಾಲೇಜುಗಳಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಲೇ ವಯಸ್ಸು ಕಳೆದವಳು ನಾನು, ಹಾಗಾಗಿ ಸುಮ್ನೆ ಧೈರ್ಯ ತುಂಬೋಕೆ ಈ ಮಾತು ಹೇಳುತ್ತಿಲ್ಲ. ಆದರೆ ಪಾಠ ಕೇಳಿ, ನೋಟ್ಸ್ ಬರೆದುಕೊಂಡು, ಪರೀಕ್ಷೆ ಬರೆದು ಮನೆಗೆ ಹೋದರೆ ಆಗುವುದಿಲ್ಲ. ದೊಡ್ಡ ಕಾಲೇಜಿನಲ್ಲಿ ಹಾಗೆ ಇದ್ದರೂ ಸುತ್ತಲಿನ ಗದ್ದಲವೇ ನಾಲ್ಕು ವಿಷಯ ಕಿವಿಗೆ ಹಾಕುತ್ತದೆ. ನಿಮ್ಮಲ್ಲಿ ಅದನ್ನು ನೀವೇ ಹುಡುಕಿಕೊಂಡು ಹೋಗಬೇಕು. ನಿಮಗೆ ಇರುವ ಕೊರತೆ ಮೂರು: ಯಂತ್ರಗಳಿಲ್ಲ, ಪೈಪೋಟಿ ಕೊಡುವ ಜೊತೆಗಾರರು ಕಡಿಮೆ, ಯಾವ ಪರೀಕ್ಷೆ ಯಾವಾಗ ಅಂತ ಹೇಳುವವರಿಲ್ಲ. ನನ್ನ ಅನುಭವದಲ್ಲಿ ಮಕ್ಕಳು ಮೊದಲನೆಯದಕ್ಕೆ ಅಳುತ್ತಾರೆ, ಮೂರನೆಯದರಿಂದ ಸೋಲುತ್ತಾರೆ. ಹಾಗಾಗಿ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ, ಉತ್ತರ ಉದ್ದವಾದರೆ ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ನೀಟ್ ವಿಷಯ ಮುಗಿಸಿಬಿಡೋಣ. ಇನ್ನೊಂದು ಸಲ ಬರೆಯುವ ಮನಸ್ಸಿದ್ದರೆ ಈ ಸೆಮಿಸ್ಟರ್ ಮುಗಿಯುವುದರೊಳಗೆ ತೀರ್ಮಾನ ಮಾಡಿ, ಮನೆಯಲ್ಲೂ ಹೇಳಿ. ಬರೆಯುವುದಾದರೆ ಪೂರ್ತಿ ಅದಕ್ಕೇ ಕೂರಿ. ಇಲ್ಲ ಅಂದರೆ ನೀಟ್ ಕೋಚಿಂಗ್ ಪುಸ್ತಕಗಳನ್ನು ಯಾರಿಗಾದರೂ ಕೊಟ್ಟುಬಿಡಿ. ಎರಡು ದೋಣಿಯಲ್ಲಿ ಕಾಲಿಟ್ಟ ಮಕ್ಕಳು ಎರಡನೇ ವರ್ಷದ ಹೊತ್ತಿಗೆ ಇಲ್ಲಿಯ ಆಸಕ್ತಿಯನ್ನೂ ಕಳೆದುಕೊಂಡು ಕೂತಿರುವುದನ್ನು ಪ್ರತಿ ಬ್ಯಾಚ್‌ನಲ್ಲೂ ನೋಡಿದ್ದೇನೆ. ಬಿ.ಎಸ್ಸಿ. ಅನ್ನುವುದು ಡಾಕ್ಟರ್ ಆಗದವರಿಗೆ ಉಳಿದ ಜಾಗ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ವೈದ್ಯಕೀಯ ಓದುವವರು ಕಲಿಯುವುದು ಒಂದೇ ಪ್ರಾಣಿಯ ಬಗ್ಗೆ. ನಿಮ್ಮ ಮುಂದೆ ಇರುವುದು ಉಳಿದೆಲ್ಲ ಜೀವಿಗಳು.

ಈಗ ಯಂತ್ರದ ಮಾತು. ಪಿಸಿಆರ್ ಯಂತ್ರವನ್ನು ಮುಟ್ಟಿಲ್ಲ ಅನ್ನುವುದು ಅಷ್ಟು ದೊಡ್ಡ ನಷ್ಟ ಅಲ್ಲ. ಅದನ್ನು ನಡೆಸುವುದು ಒಳ್ಳೆಯ ಲ್ಯಾಬ್‌ಗೆ ಹೋದ ಮೊದಲ ವಾರದಲ್ಲೇ ಕಲಿಯುವ ಕೆಲಸ. ಆದರೆ ಒಂದು ಜೀವಿಯನ್ನು ತಾಳ್ಮೆಯಿಂದ ನೋಡುವುದು, ನೋಡಿದ್ದನ್ನು ಪ್ರಶ್ನೆ ಮಾಡುವುದು, ಪ್ರಶ್ನೆಗೆ ಸರಿಯಾಗಿ ಎಣಿಸಿ ಉತ್ತರ ಕಂಡುಕೊಳ್ಳುವುದು ವಾರದಲ್ಲಿ ಬರುವುದಿಲ್ಲ. ಅದಕ್ಕೆ ಈ ಮೂರು ವರ್ಷ ಬೇಕು. ಅದಕ್ಕೆ ಬೇಕಾದ ಸಾಮಾನೆಲ್ಲ ನಿಮ್ಮ ಊರಲ್ಲೇ ಬಿದ್ದಿದೆ.

ನಿಮ್ಮ ಕಾಲೇಜಿನ ಕಾಂಪೌಂಡ್ ಪಕ್ಕದಲ್ಲಿ ಎಕ್ಕದ ಗಿಡ ಇದ್ದೇ ಇರುತ್ತದೆ. ಚಿತ್ರದುರ್ಗದ ಕಡೆ ಅದಿಲ್ಲದ ರಸ್ತೆಯೇ ಇಲ್ಲ. ನಾಳೆ ಬೆಳಿಗ್ಗೆ ಅದರ ಮುಂದೆ ಅರ್ಧ ಗಂಟೆ ನಿಲ್ಲಿ. ಎಲೆಯ ಅಡಿಯಲ್ಲಿ ಹಳದಿ ಸಸ್ಯಹೇನುಗಳ ಗುಂಪು ಸಿಗಬಹುದು, ಅವನ್ನು ತಿನ್ನಲು ಬಂದ ಗುಲಗಂಜಿ ಹುಳವೂ ಇರಬಹುದು. ಮಳೆಗಾಲದ ನಂತರವಾದರೆ ಹಳದಿ, ನೀಲಿ ಪಟ್ಟೆಯ ದಪ್ಪ ಮಿಡತೆ ಕಾಣುತ್ತದೆ. ಕಪ್ಪು, ಬಿಳಿ, ಹಳದಿ ಪಟ್ಟೆಯ ಒಂದು ಮರಿಹುಳು ಕಂಡರೆ ಅಲ್ಲೇ ಕೂತುಬಿಡಿ. ಮೈಮೇಲೆ ಮೂರು ಜೊತೆ ಕಪ್ಪು ಕೋಡಿನಂಥ ಎಳೆಗಳಿದ್ದರೆ ಅದು ಪ್ಲೇನ್ ಟೈಗರ್ ಚಿಟ್ಟೆಯ ಮರಿ. ಎಕ್ಕದ ಹಾಲು ವಿಷ, ದನವೂ ಬಾಯಿ ಹಾಕುವುದಿಲ್ಲ. ಈ ಹುಳು ಮೊದಲು ಎಲೆಯ ನರವನ್ನು ಕಚ್ಚಿ ಹಾಲು ಹರಿದುಹೋಗಲು ಬಿಡುತ್ತದೆ, ಆಮೇಲೆ ಅದರಾಚೆಯ ಭಾಗವನ್ನು ತಿನ್ನುತ್ತದೆ. ಅಷ್ಟಾದರೂ ಒಳಗೆ ಹೋದ ವಿಷವನ್ನು ಮೈಯಲ್ಲೇ ಕೂಡಿಟ್ಟುಕೊಳ್ಳುತ್ತದೆ. ಚಿಟ್ಟೆಯಾದ ಮೇಲೂ ಆ ವಿಷ ಉಳಿಯುತ್ತದೆ, ಹಕ್ಕಿಗಳು ಅದರ ತಂಟೆಗೆ ಹೋಗುವುದಿಲ್ಲ. ಡಾನೈಡ್ ಎಗ್‌ಫ್ಲೈ ಅನ್ನುವ ಇನ್ನೊಂದು ಚಿಟ್ಟೆಯ ಹೆಣ್ಣು ವಿಷವಿಲ್ಲದಿದ್ದರೂ ಇದರ ಬಣ್ಣವನ್ನೇ ಹೊತ್ತು ತಿರುಗುತ್ತದೆ. ಮಿಮಿಕ್ರಿ ಅಂತ ಪಠ್ಯದಲ್ಲಿ ಎರಡು ಸಾಲು ಓದುತ್ತೀರಲ್ಲ, ಅದು ನಿಮ್ಮ ಕಾಂಪೌಂಡಿನಲ್ಲೇ ನಡೆಯುತ್ತಿದೆ.

ಹೂವಿಗೆ ಬನ್ನಿ. ಎಕ್ಕದ ಹೂವಿನಲ್ಲಿ ಪರಾಗ ಪುಡಿಯಾಗಿ ಉದುರುವುದಿಲ್ಲ, ಪೊಟ್ಟಣಗಳಾಗಿ ಕೂತಿರುತ್ತದೆ. ಹೂವಿನ ನಡುವಿನ ಐದು ಮೂಲೆಯ ಕಂಬದಲ್ಲಿ ಐದು ಸೀಳುಗಳಿವೆ. ಸೂಜಿಯ ತುದಿಯನ್ನು ಒಂದು ಸೀಳಿನೊಳಗೆ ಇಟ್ಟು ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಎಳೆಯಿರಿ. ಒಂದು ಕಪ್ಪು ಚುಕ್ಕೆ ಸೂಜಿಗೆ ಸಿಕ್ಕಿಕೊಂಡು ಬರುತ್ತದೆ, ಅದಕ್ಕೆ ಎರಡು ಹಳದಿ ಚೀಲಗಳು ತೂಗಿರುತ್ತವೆ. ಅದೇ ಪೊಲಿನೇರಿಯಂ. ದಪ್ಪ ಕಪ್ಪು ದುಂಬಿ ಹೂವಿನ ಮೇಲೆ ಕೂತಾಗ ಅದರ ಕಾಲೋ ಬಾಯಿಯೋ ಈ ಸೀಳಿಗೆ ಸಿಕ್ಕಿ ಪೊಟ್ಟಣವನ್ನು ಹೊತ್ತುಕೊಂಡು ಹೋಗುತ್ತದೆ. ಲ್ಯಾಬ್‌ನ ಸಾಮಾನ್ಯ ಲೆನ್ಸಿನಲ್ಲೇ ಇದೆಲ್ಲ ಕಾಣುತ್ತದೆ. ಹಾಲು ಕಣ್ಣಿಗೆ ತಾಗದ ಹಾಗೆ ಎಚ್ಚರ ಇರಲಿ, ಕಣ್ಣಿನ ಮುಂಭಾಗದ ಪಾರದರ್ಶಕ ಪದರಕ್ಕೆ (ಕಾರ್ನಿಯಾ) ನಿಜವಾಗಿ ಹಾನಿ ಮಾಡುತ್ತದೆ. ಕೈ ತೊಳೆದ ಮೇಲೆಯೇ ಮುಖ ಮುಟ್ಟಿ.

ಇಷ್ಟು ನೋಡಿದ ಮೇಲೆ ಪ್ರಶ್ನೆ ತಾನಾಗಿ ಬರುತ್ತದೆ. ಒಂದು ಹೂವಿನಲ್ಲಿ ಪೊಟ್ಟಣಗಳು ಐದು. ಬೆಳಿಗ್ಗೆ ಅರಳಿದ ಹೂವಿನಲ್ಲಿ ಸಂಜೆಯ ಹೊತ್ತಿಗೆ ಎಷ್ಟು ಹೋಗಿವೆ? ರಸ್ತೆ ಪಕ್ಕದ ಗಿಡಕ್ಕೂ ಹೊಲದ ಬದುವಿನ ಗಿಡಕ್ಕೂ ವ್ಯತ್ಯಾಸ ಇದೆಯಾ? ಒಂದು ಗಿಡದಲ್ಲಿ ಅಷ್ಟೊಂದು ಹೂವಿದ್ದರೂ ಕಾಯಿ ಕಚ್ಚುವುದು ಬೆರಳೆಣಿಕೆಯಷ್ಟೇ, ಯಾಕೆ? ಹೂವಿನ ತೊಟ್ಟಿಗೆ ದಾರ ಕಟ್ಟಿ ಗುರುತು ಮಾಡಿ, ದಿನಾ ಒಂದೇ ಹೊತ್ತಿಗೆ ಹೋಗಿ ಎಣಿಸಿ ಬರೆದಿಟ್ಟರೆ ಇದಕ್ಕೆಲ್ಲ ಉತ್ತರ ಸಿಗುತ್ತದೆ. ಬೇಕಾದದ್ದು ದಾರ, ಸೂಜಿ, ಲೆನ್ಸು, ನೋಟ್‌ಬುಕ್ಕು. ಪಠ್ಯದಲ್ಲಿ ಈ ಗಿಡವನ್ನು ಆಸ್ಕ್ಲೆಪಿಯಡೇಸಿ ಕುಟುಂಬ ಅಂತ ಬರೆದಿದ್ದರೆ ಗೊಂದಲ ಬೇಡ, ಅದು ಬೆಂಥಮ್-ಹೂಕರ್ ಕಾಲದ ವಿಂಗಡಣೆ. ಡಿಎನ್‌ಎ ಆಧಾರದ ಈಗಿನ ವಿಂಗಡಣೆಯಲ್ಲಿ ಅದು ಅಪೋಸೈನೇಸಿಯೊಳಗೆ ಸೇರಿದೆ, ಅಂದರೆ ಕಣಗಿಲೆಯ ಕುಟುಂಬ.

ಇಂಥ ಎಣಿಕೆಯಿಂದ ವಿಜ್ಞಾನ ಆಗುತ್ತದಾ ಅಂತ ಅನ್ನಿಸಬಹುದು. ರಾಘವೇಂದ್ರ ಗದಗ್‌ಕರ್ ಅವರ ಹೆಸರು ಕೇಳಿರಬಹುದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುವಾಗ ಅಲ್ಲಿನ ಕಿಟಕಿಗಳಲ್ಲಿ ಗೂಡು ಕಟ್ಟಿದ್ದ ಒಂದು ಜಾತಿಯ ಕಣಜ ಅವರ ಕಣ್ಣಿಗೆ ಬಿತ್ತು, ರೊಪಾಲಿಡಿಯಾ ಮಾರ್ಜಿನೇಟಾ ಅಂತ ಅದರ ಹೆಸರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರು ಪಿಎಚ್‌ಡಿ ಮಾಡಿದ್ದು ಮಾಲಿಕ್ಯುಲರ್ ಬಯಾಲಜಿಯಲ್ಲಿ. ಆದರೆ ಕಣಜವನ್ನು ಬಿಡಲಿಲ್ಲ, ಮುಂದೆ ಅದೇ ಅವರ ಜೀವಮಾನದ ಕೆಲಸವಾಯಿತು. ಒಂದೊಂದು ಕಣಜದ ಮೈಮೇಲೂ ಬಣ್ಣದ ಚುಕ್ಕೆ ಇಟ್ಟು ಗುರುತು ಮಾಡಿ, ಯಾವುದು ಯಾವುದರ ಜೊತೆ ಏನು ಮಾಡುತ್ತದೆ ಅಂತ ಗಂಟೆಗಟ್ಟಲೆ ಬರೆದುಕೊಳ್ಳುವುದೇ ಆ ಕೆಲಸದ ಬುನಾದಿ. ಈ ಜಾತಿಯ ರಾಣಿ ಜಗಳಗಂಟಿ ಅಲ್ಲ, ಬಲು ಸಾಧು. ಅದನ್ನು ಗೂಡಿನಿಂದ ತೆಗೆದ ಕೂಡಲೇ ಕೆಲಸಗಾರ್ತಿಯರಲ್ಲಿ ಒಂದು ಇದ್ದಕ್ಕಿದ್ದಂತೆ ಉಗ್ರವಾಗುತ್ತದೆ, ಮುಂದೆ ಅದೇ ರಾಣಿಯಾಗುತ್ತದೆ. ಹೀಗೆ ಕೂತು ನೋಡಿ ಕಂಡುಕೊಂಡ ಸಂಗತಿಗಳಿಗೆ ಜಗತ್ತಿನ ಜೀವವಿಜ್ಞಾನಿಗಳ ನಡುವೆ ಮನ್ನಣೆ ಇದೆ. ಕಡಿಮೆ ಖರ್ಚಿನಲ್ಲಿ ದೊಡ್ಡ ಪ್ರಶ್ನೆ ಕೇಳಬಹುದು ಅನ್ನುವುದನ್ನು ಅವರು ಮತ್ತೆ ಮತ್ತೆ ಬರೆದಿದ್ದಾರೆ. ಈ ಕಣಜದ ಗೂಡು ನಿಮ್ಮ ಕಾಲೇಜಿನ ಕಿಟಕಿಯಲ್ಲೂ ಇರಬಹುದು, ದಕ್ಷಿಣ ಭಾರತದಲ್ಲಿ ಅದು ಸಾಮಾನ್ಯ.

ಇನ್ನು ಲ್ಯಾಬ್. 14 ಜನ ಅಂದಿರಿ. ನಗರದ ಕಾಲೇಜಿನಲ್ಲಿ ಒಂದೊಂದು ಬ್ಯಾಚ್ ತುಂಬಿ ತುಳುಕುತ್ತಿರುತ್ತದೆ, ಒಂದು ಮೈಕ್ರೋಸ್ಕೋಪಿಗೆ ಸಾಲು ನಿಲ್ಲಬೇಕು. ನಿಮ್ಮಲ್ಲಿ ಒಂದು ಮೈಕ್ರೋಸ್ಕೋಪು ಪೂರ್ತಿ ಮಧ್ಯಾಹ್ನ ನಿಮಗೇ ಸಿಗಬಹುದು. ಅದಕ್ಕೆ ಮೊದಲು ಲ್ಯಾಬ್ ಅಟೆಂಡರ್ ಅವರ ವಿಶ್ವಾಸ ಗಳಿಸಿ. ಬೀಗದ ಕೈ ಅವರ ಹತ್ತಿರ ಇರುತ್ತದೆ. ಯಾವ ಬೀರುವಿನಲ್ಲಿ ಏನಿದೆ, ಯಾವ ಆಯಿಲ್ ಇಮ್ಮರ್ಷನ್ ಲೆನ್ಸ್ ಇನ್ನೂ ಚೆನ್ನಾಗಿದೆ ಅಂತ ಅವರಿಗೆ ಗೊತ್ತಿರುವಷ್ಟು ಪ್ರಿನ್ಸಿಪಾಲರಿಗೂ ಗೊತ್ತಿರುವುದಿಲ್ಲ. ಕೆಲಸ ಮುಗಿದ ಮೇಲೆ ಸ್ಲೈಡ್ ತೊಳೆದು, ಲೆನ್ಸ್ ಒರೆಸಿ, ಜಾಗ ಚೊಕ್ಕ ಮಾಡಿ ಹೋಗುವ ವಿದ್ಯಾರ್ಥಿಗೆ ಅವರು ಯಾವತ್ತೂ ಇಲ್ಲ ಅನ್ನುವುದಿಲ್ಲ.

ಈರುಳ್ಳಿ ಬೇರಿನ ತುದಿಯಲ್ಲಿ ಮೈಟೋಸಿಸ್, ಅಂದರೆ ಕೋಶ ವಿಭಜನೆ, ನೋಡುವ ಪ್ರಯೋಗ ನಿಮಗೆ ಇದ್ದೇ ಇದೆ. ಹೆಚ್ಚಿನವರು ಒಂದು ಸಲ ಮಾಡಿ, ಏನೂ ಕಾಣದೆ, ಸೀನಿಯರ್ ರೆಕಾರ್ಡ್ ನೋಡಿ ಚಿತ್ರ ಬರೆದುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ವಿಭಜನೆಯಲ್ಲಿರುವ ಕೋಶ ಕಾಣದಿರುವುದಕ್ಕೆ ಸಾಮಾನ್ಯವಾಗಿ ಎರಡೇ ಕಾರಣ. ಒಂದು, ತುದಿಯ ಒಂದೆರಡು ಮಿಲಿಮೀಟರ್ ಬಿಟ್ಟು ಮೇಲಿನ ಭಾಗ ತೆಗೆದುಕೊಂಡಿರುತ್ತಾರೆ. ಅಲ್ಲಿ ಕೋಶಗಳು ಉದ್ದವಾಗುತ್ತಿರುತ್ತವೆ, ವಿಭಜನೆ ಆಗುತ್ತಿರುವುದಿಲ್ಲ. ಬಣ್ಣ ಹಾಕಿದ ಮೇಲೆ ಹೆಚ್ಚು ಗಾಢವಾಗಿ ಕಾಣುವ ತುದಿಯನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಬ್ಲೇಡಿನಿಂದ ಕತ್ತರಿಸಿ ತೆಗೆಯಿರಿ. ಎರಡು, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಇಡುವ ಹೊತ್ತು ಸಾಲದು. ಕೋಶಗಳನ್ನು ಅಂಟಿಸಿರುವ ಪೆಕ್ಟಿನ್ ಕರಗದಿದ್ದರೆ ಎಷ್ಟು ಒತ್ತಿದರೂ ಅವು ಒಂದರ ಮೇಲೊಂದು ಗುಡ್ಡೆಯಾಗಿಯೇ ಇರುತ್ತವೆ. ಕವರ್ ಸ್ಲಿಪ್ ಮೇಲೆ ಬ್ಲಾಟಿಂಗ್ ಪೇಪರ್ ಇಟ್ಟು ಹೆಬ್ಬೆರಳಿನಿಂದ ನೇರ ಒತ್ತಿ, ಜರುಗಿಸಬೇಡಿ. ಕ್ರೋಮೋಸೋಮ್‌ಗಳು ನಡುವೆ ಸಾಲಾಗಿ ನಿಲ್ಲುವ ಹಂತದಲ್ಲಿ, ಅಂದರೆ ಮೆಟಾಫೇಸ್‌ನಲ್ಲಿರುವ ಒಳ್ಳೆಯ ಕೋಶ ಸಿಕ್ಕರೆ 16 ಕ್ರೋಮೋಸೋಮ್‌ಗಳನ್ನು ನೀವೇ ಎಣಿಸಬಹುದು. ಎಣಿಕೆ ಸರಿಯಾಗಿ ಬಂದ ದಿನ ನಿಮಗೆ ಆಗುವ ಖುಷಿ ಬೇರೆ ಯಾರೂ ಕೊಡಲು ಆಗುವುದಿಲ್ಲ.

ಇದೇ ಪ್ರಯೋಗವನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ಯಬಹುದು. ಒಂದೇ ಗಾತ್ರದ ಸಣ್ಣ ಈರುಳ್ಳಿಗಳನ್ನು ಶುದ್ಧ ನೀರಿನಲ್ಲಿ ಕೆಲವು, ನಿಮ್ಮೂರ ಕೆರೆಗೆ ಚರಂಡಿ ಬಂದು ಸೇರುವ ಜಾಗದ ನೀರಿನಲ್ಲಿ ಕೆಲವು ಇಡಿ. ಬೇರಿನ ಉದ್ದ ಅಳೆಯಿರಿ. ನೂರು ಕೋಶದಲ್ಲಿ ಎಷ್ಟು ವಿಭಜನೆಯಲ್ಲಿವೆ ಅಂತ ಎರಡು ಕಡೆಯೂ ಎಣಿಸಿ. ಸ್ವೀಡನ್ನಿನ ಆಲ್ಬರ್ಟ್ ಲೆವಾನ್ 1938ರಲ್ಲಿ ಕಾಲ್ಚಿಸಿನ್ ಅನ್ನುವ ರಾಸಾಯನಿಕ ಈರುಳ್ಳಿ ಬೇರಿನ ಮೇಲೆ ಏನು ಮಾಡುತ್ತದೆ ಅಂತ ಹೀಗೇ ನೋಡಿದರು. ನೀರಿನ ವಿಷ ಪತ್ತೆ ಮಾಡಲು ಈ ವಿಧಾನ ಇವತ್ತಿಗೂ ಬಳಕೆಯಲ್ಲಿದೆ. ಮನುಷ್ಯನ ಕ್ರೋಮೋಸೋಮ್ 48 ಅಲ್ಲ, 46 ಅಂತ 1956ರಲ್ಲಿ ಜೋ ಹಿನ್ ಟಿಯೋ ಜೊತೆ ಸೇರಿ ತೋರಿಸಿದವರೂ ಇದೇ ಲೆವಾನ್. ಬೇರಿನ ತುದಿಯನ್ನು ಹಿಚುಕಿ ಕ್ರೋಮೋಸೋಮ್ ಎಣಿಸಿ ಪಳಗಿದ ಕೈ ಅದು.

ರೆಕಾರ್ಡ್ ವಿಷಯ ಬಂತಲ್ಲ, ಒಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ. ಕಂಡದ್ದನ್ನು ಬರೆಯಿರಿ. ಪುಸ್ತಕದ ಚಿತ್ರದಂತೆ ಕಾಣದಿದ್ದರೆ ಕಾಣಲಿಲ್ಲ ಅಂತಲೇ ಬರೆಯಿರಿ. ಕಾಪಿ ಹೊಡೆದ ಚಂದದ ರೆಕಾರ್ಡಿಗೆ ಅಂಕ ಬರುತ್ತದೆ, ಗೊತ್ತು. ಕಾಲೇಜಿಗೆ ಒಪ್ಪಿಸುವ ರೆಕಾರ್ಡ್ ಜೊತೆಗೆ ನಿಮ್ಮದೇ ಒಂದು ಒರಟು ನೋಟ್‌ಬುಕ್ ಇಡಿ, ದಿನಾಂಕ ಹಾಕಿ, ಪೆನ್ನಿನಲ್ಲಿ ಬರೆಯಿರಿ, ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಿರಿ. ಮುಂದೆ ಸಂದರ್ಶನಕ್ಕೆ ಹೋದಾಗ ನಿಮ್ಮ ಕೈಹಿಡಿಯುವುದು ಈ ಎರಡನೆಯದು.

ಭಾಷೆಯ ಭಯ ನಿಮ್ಮ ಕಾಗದದ ತುಂಬಾ ಇದೆ. ನಾನು ಕಂಡ ಹಾಗೆ ಕನ್ನಡ ಮಾಧ್ಯಮದ ಮಕ್ಕಳಿಗೆ ವಿಷಯ ಅರ್ಥವಾಗದೆ ಹೋಗುವುದು ಕಡಿಮೆ. ಅರ್ಥವಾದದ್ದನ್ನು ಇಂಗ್ಲಿಷಿನಲ್ಲಿ ಬರೆಯಲು ಆಗದೆ ಬಾಯಿಪಾಠಕ್ಕೆ ಬೀಳುತ್ತಾರೆ, ಅಲ್ಲಿಗೆ ಅರ್ಥವಾದದ್ದೂ ಹೋಗುತ್ತದೆ. ದಿನಕ್ಕೆ ಪಠ್ಯದ ಒಂದೇ ಪುಟ ಓದಿ. ಪುಸ್ತಕ ಮುಚ್ಚಿ ಅದನ್ನು ಕನ್ನಡದಲ್ಲಿ ಗೆಳತಿಗೆ ಹೇಳಿ. ಆಮೇಲೆ ಅದೇ ಸಂಗತಿಯನ್ನು ಐದು ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯಿರಿ. ವ್ಯಾಕರಣ ತಪ್ಪಿದರೂ ಪರವಾಗಿಲ್ಲ. ಮೊದಲ ತಿಂಗಳು ಕಷ್ಟ, ಒಂದು ವರ್ಷದ ಹೊತ್ತಿಗೆ ನಿಮಗೇ ಆಶ್ಚರ್ಯವಾಗುತ್ತದೆ. ಲೈಬ್ರರಿಯಲ್ಲಿ ಒಳ್ಳೆಯ ಪುಸ್ತಕ ಇಲ್ಲದಿದ್ದರೆ ಓಪನ್‌ಸ್ಟ್ಯಾಕ್ಸ್ ಅನ್ನುವ ತಾಣದಲ್ಲಿ ಕಾಲೇಜು ಮಟ್ಟದ ಬಯಾಲಜಿ ಪಠ್ಯ ಪೂರ್ತಿ ಉಚಿತವಾಗಿ ಸಿಗುತ್ತದೆ, ಫೋನಿಗೇ ಇಳಿಸಿಕೊಳ್ಳಬಹುದು. ಐಐಟಿಗಳ ಆನ್‌ಲೈನ್ ಪಾಠಗಳಾದ ಎನ್‌ಪಿಟಿಇಎಲ್ ಪಾಠಗಳನ್ನು ಕೇಳುವುದಕ್ಕೂ ಹಣ ಬೇಡ, ಸರ್ಟಿಫಿಕೇಟಿನ ಪರೀಕ್ಷೆಗೆ ಮಾತ್ರ ಶುಲ್ಕ. ಉಪನ್ಯಾಸಕರು ತಡವಾಗಿ ಬಂದ ತಿಂಗಳುಗಳನ್ನು ಹೀಗೆ ತುಂಬಿಕೊಳ್ಳಿ. ಇನ್ನು ಆ ಅತಿಥಿ ಉಪನ್ಯಾಸಕರನ್ನು ಹಗುರವಾಗಿ ನೋಡಬೇಡಿ. ಅವರಲ್ಲಿ ಎಷ್ಟೋ ಜನ ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್, ಕೆಸೆಟ್ ಪಾಸಾದವರು, ಪಿಎಚ್‌ಡಿ ಮಾಡುತ್ತಿರುವವರು. ನೀವು ಪ್ರಶ್ನೆ ಹಿಡಿದು ಹೋದರೆ ಅವರಿಗೂ ಸಂತೋಷ.

ಗಣಿತ ಬಿಡಬೇಡಿ. ಇದನ್ನು ಯಾರೂ ನಿಮಗೆ ಹೇಳುವುದಿಲ್ಲ. ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ತೆಗೆದುಕೊಂಡ ಕೂಡಲೇ ಮಕ್ಕಳು ಗಣಿತದಿಂದ ಬಿಡುಗಡೆ ಸಿಕ್ಕಿತು ಅಂತ ನಿಟ್ಟುಸಿರು ಬಿಡುತ್ತಾರೆ. ಇವತ್ತಿನ ಜೀವಶಾಸ್ತ್ರ ಪೂರ್ತಿ ಅಂಕಿಗಳ ಮೇಲೆ ನಿಂತಿದೆ. ಎಕ್ಕದ ಹೂವು ಎಣಿಸಿದಿರಿ ಅಂತಿಟ್ಟುಕೊಳ್ಳಿ, ರಸ್ತೆಬದಿಗೂ ಹೊಲಕ್ಕೂ ಕಂಡ ವ್ಯತ್ಯಾಸ ನಿಜವೋ ಆಕಸ್ಮಿಕವೋ ಅಂತ ಹೇಳಲು ಕೈ-ಸ್ಕ್ವೇರ್ ಪರೀಕ್ಷೆ ಬೇಕು. ಸರಾಸರಿ, ಸ್ಟ್ಯಾಂಡರ್ಡ್ ಡೀವಿಯೇಷನ್, ಟಿ-ಟೆಸ್ಟ್ ಇಷ್ಟನ್ನು ಎರಡನೇ ವರ್ಷದೊಳಗೆ ಕೈಯಿಂದಲೇ ಲೆಕ್ಕ ಮಾಡಿ ಕಲಿಯಿರಿ. ಆಮೇಲೆ ಆರ್ ಅನ್ನುವ ಉಚಿತ ಸಾಫ್ಟ್‌ವೇರ್ ಕಲಿಯಬಹುದು. ಎಂ.ಎಸ್ಸಿ. ಪ್ರವೇಶಕ್ಕೆ ಐಐಟಿಗಳು ನಡೆಸುವ ಜ್ಯಾಮ್ ಪರೀಕ್ಷೆಯ ಬಯೋಟೆಕ್ನಾಲಜಿ ಪತ್ರಿಕೆಯಲ್ಲೂ ಪಿಯುಸಿ ಮಟ್ಟದ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಬರುತ್ತದೆ. ನಿಮ್ಮ ಪಿಸಿಎಂಬಿ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ.

ಡಿಎನ್‌ಎ, ಪ್ರೋಟೀನ್ ಕಡೆ ಆಸಕ್ತಿ ಇದ್ದರೆ ಅದಕ್ಕೂ ದಾರಿ ಇದೆ. ಕಾಲೇಜಿನ ಕಂಪ್ಯೂಟರ್ ಲ್ಯಾಬ್‌ನಲ್ಲಿ ಜೀನ್, ಪ್ರೋಟೀನ್ ಮಾಹಿತಿ ಕೂಡಿಟ್ಟಿರುವ ಅಮೆರಿಕದ ಎನ್‌ಸಿಬಿಐ ತಾಣ ತೆರೆಯಿರಿ, ಅದು ಜಗತ್ತಿಗೆಲ್ಲ ಉಚಿತ. ಮನುಷ್ಯನ ಬೀಟಾ ಗ್ಲೋಬಿನ್ ಪ್ರೋಟೀನಿನ ಸರಣಿ ಹುಡುಕಿ. 147 ಅಕ್ಷರ ಇರುತ್ತದೆ, ಒಂದೊಂದು ಅಕ್ಷರ ಒಂದೊಂದು ಅಮೈನೋ ಆಮ್ಲ. ಅದನ್ನು ಅಲ್ಲೇ ಇರುವ, ಸರಣಿಗಳನ್ನು ಹೋಲಿಸುವ ಬ್ಲಾಸ್ಟ್ ಸಾಧನಕ್ಕೆ ಹಾಕಿದರೆ ಬೇರೆ ಪ್ರಾಣಿಗಳ ಅದೇ ಪ್ರೋಟೀನ್ ಎಷ್ಟು ಹೋಲುತ್ತದೆ ಅಂತ ಸಾಲಾಗಿ ಬರುತ್ತದೆ. ಚಿಂಪಾಂಜಿಯದು ನಮ್ಮದರ ಪಡಿಯಚ್ಚು. ಸಿಕಲ್ ಸೆಲ್ ರೋಗದಲ್ಲಿ 6ನೇ ಜಾಗದ ಗ್ಲುಟಾಮಿಕ್ ಆಮ್ಲ ಹೋಗಿ ವ್ಯಾಲಿನ್ ಬರುತ್ತದೆ ಅಂತ ಓದಿರುತ್ತೀರಿ. ಸರಣಿಯಲ್ಲಿ ಎಣಿಸಿ ನೋಡಿ, ಆ ಗ್ಲುಟಾಮಿಕ್ ಆಮ್ಲ 7ನೇ ಜಾಗದಲ್ಲಿ ಸಿಗುತ್ತದೆ. ಪುಸ್ತಕವೂ ಸರಿ, ನಿಮ್ಮ ಎಣಿಕೆಯೂ ಸರಿ. ಮೊದಲ ಮೆಥಿಯೋನಿನ್ ಪ್ರೋಟೀನ್ ತಯಾರಾಗುವಾಗ ಕತ್ತರಿಸಿ ಹೋಗುತ್ತದೆ, ಹಳೆಯ ಎಣಿಕೆ ಅದನ್ನು ಬಿಟ್ಟು ಶುರುವಾಗುತ್ತದೆ. ಕೈಯಾರೆ ಎಣಿಸದಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ, ಅಲ್ವಾ?

ಈಗ ಹೊರಗಿನ ಬಾಗಿಲುಗಳು. ದಿನಾಂಕಗಳನ್ನು ಗೋಡೆಗೆ ಅಂಟಿಸಿಕೊಳ್ಳಿ. ಭಾರತೀಯ ವಿಜ್ಞಾನ ಅಕಾಡೆಮಿ ಮತ್ತು ಇನ್ನೆರಡು ಅಕಾಡೆಮಿಗಳು ಸೇರಿ ಪ್ರತಿ ವರ್ಷ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತವೆ. ಎರಡು ತಿಂಗಳು ದೇಶದ ಒಬ್ಬ ವಿಜ್ಞಾನಿಯ ಲ್ಯಾಬ್‌ನಲ್ಲಿ ಕೆಲಸ, ತಿಂಗಳ ಭತ್ಯೆ, ಪ್ರಯಾಣದ ಖರ್ಚು. ಅರ್ಜಿ ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ ಮುಗಿಯುತ್ತದೆ, ಅಂದರೆ ಬೇಸಿಗೆ ಇನ್ನೂ ಆರು ತಿಂಗಳು ದೂರ ಇರುವಾಗಲೇ. ನಮ್ಮ ಮಕ್ಕಳು ಏಪ್ರಿಲ್‌ನಲ್ಲಿ ಬಂದು ಕೇಳುತ್ತಾರೆ! ಎರಡನೇ ವರ್ಷಕ್ಕೆ ಬಂದ ಕೂಡಲೇ ಅರ್ಜಿ ತಯಾರು ಮಾಡಿ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ವೈಜ್ಞಾನಿಕ ಸಂಶೋಧನಾ ಕೇಂದ್ರವೂ ಇಂಥ ಬೇಸಿಗೆ ಫೆಲೋಶಿಪ್ ನಡೆಸುತ್ತದೆ.

ಈ ಅರ್ಜಿಗಳಿಗೆ ಮುಖ್ಯವಾಗಿ ಬೇಕಾದದ್ದು ಎರಡು: ಯಾಕೆ ಬರಬೇಕು ಅಂತ ನೀವು ಬರೆಯುವ ಟಿಪ್ಪಣಿ, ಅಧ್ಯಾಪಕರ ಶಿಫಾರಸು ಪತ್ರ. ಸಣ್ಣ ಕಾಲೇಜಿನವರಿಗೆ ಇಲ್ಲಿ ನಿಜವಾದ ಅನುಕೂಲ ಇದೆ. ನೂರಾರು ಮಕ್ಕಳಿಗೆ ಪಾಠ ಮಾಡುವವರು ‘ಶ್ರದ್ಧೆಯ ವಿದ್ಯಾರ್ಥಿನಿ’ ಅಂತ ಬರೆದು ಸಹಿ ಹಾಕುತ್ತಾರೆ. ನಿಮ್ಮ ಅಧ್ಯಾಪಕರು, ಈ ಹುಡುಗಿ ಮೂರು ತಿಂಗಳು ಎಕ್ಕದ ಗಿಡದಲ್ಲಿ ಪೊಲಿನೇರಿಯಂ ಎಣಿಸಿದಳು, ನೋಟ್‌ಬುಕ್ ನಾನು ನೋಡಿದ್ದೇನೆ ಅಂತ ಬರೆಯಬಲ್ಲರು. ಆಯ್ಕೆ ಮಾಡುವವರು ಅಂಥ ಪತ್ರವನ್ನು ಎರಡನೇ ಸಲ ಓದುತ್ತಾರೆ. ನಿಮ್ಮ ಟಿಪ್ಪಣಿಯಲ್ಲೂ ಅದನ್ನೇ ಬರೆಯಿರಿ. ಬಾಲ್ಯದಿಂದ ವಿಜ್ಞಾನ ಅಂದರೆ ಇಷ್ಟ ಅಂತ ಎಲ್ಲರೂ ಬರೆಯುತ್ತಾರೆ.

ಫೆಲೋಶಿಪ್ ಸಿಗದಿದ್ದರೂ ಕೈಕಟ್ಟಿ ಕೂರಬೇಡಿ. ಫೆಬ್ರುವರಿಯಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ನಡೆಯುತ್ತದೆ. ಅದರ ಭಾಗವಾಗಿ ನಮ್ಮ ದೇಶದಲ್ಲಿ ಕಾಲೇಜು ಆವರಣಗಳ ಹಕ್ಕಿ ಗಣತಿಯೂ ಇದೆ. 14 ಜನ ಸೇರಿ ನಿಮ್ಮ ಕ್ಯಾಂಪಸ್ಸನ್ನು ಸೇರಿಸಿ. ಮರಗಳು ಯಾವಾಗ ಚಿಗುರುತ್ತವೆ, ಹೂ ಬಿಡುತ್ತವೆ ಅಂತ ವಾರ ವಾರ ದಾಖಲಿಸುವ ಸೀಸನ್‌ವಾಚ್‌ಗೆ ನಿಮ್ಮ ಗೇಟಿನ ಹೊಂಗೆ ಮರವನ್ನೇ ನೋಂದಾಯಿಸಬಹುದು. ಗಿಡ ಗುರುತಿಸಲು ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂನವರು ಮಾಡಿರುವ ಕರ್ನಾಟಕದ ಡಿಜಿಟಲ್ ಸಸ್ಯಕೋಶ ಇದೆ. ಆ ಸಂಸ್ಥೆ ವರ್ಷಕ್ಕೊಂದು ದಿನ ಎಲ್ಲರಿಗೂ ಬಾಗಿಲು ತೆರೆಯುತ್ತದೆ, ಸಾಮಾನ್ಯವಾಗಿ ಫೆಬ್ರುವರಿ-ಮಾರ್ಚ್ ಸುಮಾರಿಗೆ. ಬೆಳಗಿನ ಜಾವದ ಬಸ್ಸು ಹಿಡಿದರೆ ರಾತ್ರಿ ಮನೆಗೆ ವಾಪಸ್ ಬರಬಹುದು. ಒಂದು ಸಲ ಹೋಗಿ ಬನ್ನಿ. ಅಲ್ಲಿ ಕೆಲಸ ಮಾಡುವವರು ಕೂಡ ಮನುಷ್ಯರೇ, ಕನ್ನಡದಲ್ಲೇ ಮಾತಾಡಿಸುವವರು ಬೇಕಾದಷ್ಟು ಜನ ಇದ್ದಾರೆ ಅಂತ ಗೊತ್ತಾದರೆ ಅರ್ಧ ಭಯ ಹೋಗುತ್ತದೆ.

ಕೊನೆಗೆ ಅಪ್ಪನ ಪ್ರಶ್ನೆ. ಅವರು ಕೇಳುವುದು ನ್ಯಾಯವಾಗಿದೆ, ಹಾಗಾಗಿ ಮುಚ್ಚಿಡದೆ ಹೇಳಿ. ಬರೀ ಬಿ.ಎಸ್ಸಿ.ಗೆ ಒಳ್ಳೆಯ ಕೆಲಸ ಸಿಗುವುದು ಕಷ್ಟ. ಔಷಧ ಕಂಪನಿ, ಆಹಾರ ಪರೀಕ್ಷೆಯ ಲ್ಯಾಬ್‌ಗಳಲ್ಲಿ ಆರಂಭದ ಕೆಲಸ ಸಿಗುತ್ತದೆ, ಸಂಬಳ ಜಾಸ್ತಿ ಇರುವುದಿಲ್ಲ. ಮೂರು ವರ್ಷದ ಮೇಲೆ ಇನ್ನೆರಡು ವರ್ಷ ಓದಲೇಬೇಕು. ಆ ಎರಡು ವರ್ಷ ಬಿ.ಎಡ್. ಆದರೆ ಹೈಸ್ಕೂಲಿನ ವಿಜ್ಞಾನ ಶಿಕ್ಷಕಿ ಹುದ್ದೆಗೆ ಅರ್ಹತೆ ಬರುತ್ತದೆ. ಎಂ.ಎಸ್ಸಿ. ಆದರೆ ಮೈಸೂರು, ಧಾರವಾಡ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಕಲಬುರಗಿ ಬಳಿಯ ಕೇಂದ್ರೀಯ ವಿಶ್ವವಿದ್ಯಾಲಯ, ಹೀಗೆ ಆಯ್ಕೆಗಳಿವೆ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ-ಪಿಜಿ, ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವಿನ ಕೋರ್ಸ್‌ಗಳಿಗೆ ಗ್ಯಾಟ್-ಬಿ ಬರೆಯಬೇಕು. ಕಾಡು, ವನ್ಯಜೀವಿ ಕಡೆ ಮನಸ್ಸಿದ್ದರೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ವನ್ಯಜೀವಿ ಎಂ.ಎಸ್ಸಿ. ಇದೆ, ಎರಡು ವರ್ಷಕ್ಕೊಮ್ಮೆ ಬೆರಳೆಣಿಕೆಯ ಸೀಟಿಗೆ ಪ್ರವೇಶ. ಸಸ್ಯಶಾಸ್ತ್ರ ಅಥವಾ ಪ್ರಾಣಿಶಾಸ್ತ್ರದ ಪದವಿ ಇದ್ದರೆ ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೂ ಕೂರಬಹುದು, ಇದನ್ನು ಅಪ್ಪನಿಗೆ ತಪ್ಪದೆ ಹೇಳಿ.

ಸಂಶೋಧನೆಯೇ ಬೇಕು ಅಂತ ಮನಸ್ಸು ಗಟ್ಟಿಯಾದರೆ ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್‌ಡಿ ಕಡೆ ಕಣ್ಣಿಡಿ. ಬಿ.ಎಸ್ಸಿ. ಮುಗಿಸಿದವರನ್ನು ಜ್ಯಾಮ್ ಅಂಕದ ಮೇಲೆ ಸಂದರ್ಶನಕ್ಕೆ ಕರೆಯುತ್ತಾರೆ. ಸೇರಿದ ಮೊದಲ ವರ್ಷದಿಂದಲೇ ವಿದ್ಯಾರ್ಥಿವೇತನ ಬರುತ್ತದೆ, ಹಾಗಾಗಿ ಅಪ್ಪನ ಕೈಯಿಂದ ಖರ್ಚು ಬೀಳುವುದಿಲ್ಲ. ಪದವಿಯಲ್ಲಿ ಪ್ರಥಮ ದರ್ಜೆ ಬೇಕು, ಆದ್ದರಿಂದ ಒಂದು ಸೆಮಿಸ್ಟರನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಜ್ಯಾಮ್ ನಡೆಯುವುದು ಫೆಬ್ರುವರಿಯಲ್ಲಿ, ನೋಂದಣಿ ಅದರ ಹಿಂದಿನ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ನಿಮ್ಮ ಲೆಕ್ಕದಲ್ಲಿ ಅದು ಮೂರನೇ ವರ್ಷದ ಶುರುವಿಗೇ ಬರುತ್ತದೆ. ಹಳೆಯ ಪ್ರಶ್ನೆಪತ್ರಿಕೆಗಳು ಪರೀಕ್ಷೆಯ ತಾಣದಲ್ಲೇ ಸಿಗುತ್ತವೆ, ಎರಡನೇ ವರ್ಷದ ರಜೆಯಲ್ಲಿ ಬಿಡಿಸಲು ಕೂರಿ. ಸದ್ಯಕ್ಕೆ ಈ ವರ್ಷದ ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅರ್ಜಿ ಹಾಕಿದ್ದೀರಾ, ನೋಡಿಕೊಳ್ಳಿ. ಕೊನೆಯ ದಿನಾಂಕವನ್ನು ಕಾಲೇಜಿನ ಕಚೇರಿಯಲ್ಲಿ ನಾಳೆಯೇ ಕೇಳಿ.